ಆಳಿಲ್ಲದ ಕೋಣೆಗೆ ಗಾಳಿ ಯಾಕೆ

ಫ್ಯಾನು ತಿರುಗಿದ ಕೂಡಲೇ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಏಣಿಯಿಂದ ಇಳಿದು, ಅದರ ಕೆಳಗೆ ನಿಂತು, ನಿಮ್ಮ ನೆತ್ತಿಗೆ ಗಾಳಿ ಬಿದ್ದ ಮೇಲೆಯೇ ಮನೆಯವರು ಕೊಟ್ಟ ಚಹಾ ಕುಡಿಯಿರಿ. ವಯರ್‌ಮನ್ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವ ಮೊದಲ ಮಾತು ಇದು. ಎರಡನೆಯ ಮಾತು ನನ್ನದಲ್ಲ, ಮೂಡಬಿದ್ರೆಯ ಒಬ್ಬ ಅಮ್ಮನದ್ದು. ಅದು ಸಿಕ್ಕಿದ ಕಥೆ ಸ್ವಲ್ಪ ಉದ್ದ ಉಂಟು.

ನಾನು ಕೆಲಸಕ್ಕೆ ಸೇರಿದ್ದು ಬಂಟ್ವಾಳ ಪೇಟೆಯ ಒಂದು ಸಣ್ಣ ಅಂಗಡಿಯಲ್ಲಿ. ಕರೆಂಟು ಬಂದು ಹೆಚ್ಚು ಕಾಲ ಆಗಿರಲಿಲ್ಲ. ದೀಪ ಹಾಕಿಸಿಕೊಂಡವರು ಬೇಸಗೆ ಬರುವಾಗ ಒಬ್ಬೊಬ್ಬರಾಗಿ ಫ್ಯಾನು ಕೇಳತೊಡಗಿದ್ದರು. ಅಂಗಡಿಯ ಯಜಮಾನರನ್ನು ಊರೆಲ್ಲ ಪೈ ಮಾಮ್ ಎಂದು ಕರೆಯುತ್ತಿತ್ತು. ಬಿಳಿ ಪಂಚೆ, ಕಿವಿಯಲ್ಲಿ ಪೆನ್ಸಿಲು. ಸ್ವಂತ ಕೈಯಿಂದ ಒಂದು ವಯರನ್ನೂ ಮುಟ್ಟುವವರಲ್ಲ, ಆದರೆ ಯಾವ ಗಿರಾಕಿಗೆ ಎಂತ ಹೇಳಬೇಕೆಂದು ಬಾಯಿಪಾಠ. ನನ್ನದೊಂದು ಅಭ್ಯಾಸ ಇತ್ತು: ಯಾವ ಮನೆ, ಯಾವ ತೊಲೆ, ಕೊಕ್ಕೆ ಎಲ್ಲಿ ಹಾಕಿದ್ದು, ಫ್ಯಾನು ತೂಗುವ ರಾಡು ಎಷ್ಟುದ್ದ ಎಂದು ಅದೇ ದಿನ ಒಂದು ಪುಸ್ತಕದಲ್ಲಿ ಬರೆದಿಡುವುದು. ಇದನ್ನು ಬರೆಯುವಾಗಲೂ ಅವೇ ಪುಸ್ತಕಗಳು ಮಡಿಲಲ್ಲಿ ಉಂಟು. ಒಂದೆರಡನ್ನು ಗೆದ್ದಲು ತಿಂದಿದೆ.

ಮೊದಲ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದ ಒಂದೇ ಮನೆ ನರಿಕೊಂಬಿನ ಮೊಯ್ದು ಬ್ಯಾರಿಗಳದ್ದು. ಅಡಿಕೆ ವ್ಯಾಪಾರಿ, ಹೊಳೆಯ ಬದಿಯಲ್ಲೇ ಮನೆ. ಮಗಳ ಮದುವೆಗೆ ಎರಡು ದಿನ ಇರುವಾಗ ಚಾವಡಿಗೆ ದೊಡ್ಡ ಫ್ಯಾನು ಹಾಕಿಸಿದರು. ನಾನು ಹಾಕಿದೆ, ಏಣಿಯ ಮೇಲಿಂದಲೇ ಸ್ವಿಚ್ಚು ಒತ್ತಲು ಹೇಳಿದೆ, ರೆಕ್ಕೆ ಚೆನ್ನಾಗಿ ತಿರುಗಿತು, ಚಹಾ ಕುಡಿದು ಹೊರಟುಬಂದೆ.

ಮದುವೆಯ ದಿನ ಚಾವಡಿಯಲ್ಲಿ ಜನ ತುಂಬಿದರು, ಫ್ಯಾನು ಹಾಕಿದರು. ಕೆಳಗೆ ಒಂದು ಎಳೆ ಗಾಳಿಯೂ ಇಲ್ಲ. ನಾನು ಕಂಡೆನ್ಸರಿನ ವಯರನ್ನು ಅದಲು ಬದಲು ಮಾಡಿದ್ದೆ. ಫ್ಯಾನು ತಿರುಗುಮುರುಗಾಗಿ ಓಡಿ, ಗಾಳಿಯನ್ನು ಕೆಳಗಿನಿಂದ ಎಳೆದು ಹಂಚಿಗೆ ಹೊಡೆಯುತ್ತಿತ್ತು. ಹಂಚಿನ ಅಡಿಯ ಎಷ್ಟೋ ವರ್ಷದ ಮಸಿ, ಜೇಡನ ಬಲೆ ಎಲ್ಲ ಕದಲಿ, ನೇರ ಮದುಮಗನ ಬಿಳಿ ಟೊಪ್ಪಿಯ ಮೇಲೆ ಬಿತ್ತು. ಆಳು ಕಳಿಸಿ ನನ್ನನ್ನು ಕರೆಸಿದರು. ಬೈಯುತ್ತಾರೆಂದು ತಿಳಿದು ಹೋದರೆ, ಮೊಯ್ದು ಬ್ಯಾರಿಗಳು ಬೀಗರ ಎದುರು ನನ್ನ ಹೆಗಲಿಗೆ ಕೈ ಹಾಕಿದರು.

"ಇವನ ಫ್ಯಾನು ಭಾರೀ ಒಳ್ಳೆಯದು ಮಾರಾಯ್ರೆ. ಕಾಗೆಗೆ, ಗುಬ್ಬಿಗೆ ಎಲ್ಲ ಗಾಳಿ ಕೊಡ್ತದೆ. ನಮ್ಮನ್ನು ಒಂದು ಬಿಟ್ಟು."

ಎರಡು ವಯರು ಬದಲಿಸಲು ಬೇಕಾದದ್ದು ಐದು ನಿಮಿಷ. ಆಮೇಲೆ ಗಾಳಿ ಕೆಳಗೆ ಬಿತ್ತು, ನನಗೂ ತುಪ್ಪದ ಅನ್ನ ಸಿಕ್ಕಿತು. ಆದರೆ ನಂತರದ ಒಂದೆರಡು ವರ್ಷ ನರಿಕೊಂಬಿನ ಕಡೆ ಹೋದರೆ ಮಕ್ಕಳು ಸಹ ನನ್ನನ್ನು "ಕಾಗೆ ಫ್ಯಾನಿನವರು" ಎಂದೇ ಕರೆಯುತ್ತಿದ್ದರು.

ಆ ತಪ್ಪು ಕಣ್ಣಿಗೆ ಕಾಣುವಂಥದ್ದು, ಹಾಗಾಗಿ ಬೇಗ ತಿದ್ದಿದೆ. ಕಾಣದ ತಪ್ಪನ್ನು ಮಾತ್ರ ಏಳೆಂಟು ಬೇಸಗೆ ಊರೂರಿಗೆ ಹೊತ್ತುಕೊಂಡು ಹೋಗಿ ಹಂಚಿದೆ. ಅದು ಪೈ ಮಾಮರ ಉಪದೇಶ. ಫ್ಯಾನು ಮಾರುವಾಗ ಅವರು ಪ್ರತಿಯೊಬ್ಬರಿಗೂ ಹೇಳುತ್ತಿದ್ದದ್ದು ಹೀಗೆ: ಬೆಳಿಗ್ಗೆಯೇ ಫ್ಯಾನು ಹಾಕಿ, ಬಾಗಿಲು ಕಿಟಕಿ ಮುಚ್ಚಿ ಬಿಡಿ, ಹಂಡೆಯಲ್ಲಿ ನೀರು ತುಂಬಿಸಿಟ್ಟ ಹಾಗೆ ಕೋಣೆಯಲ್ಲಿ ತಂಪು ತುಂಬುತ್ತದೆ, ಮಧ್ಯಾಹ್ನ ಹೋಗಿ ಮಲಗಿದರೆ ಆಯಿತು. ಇನ್ನೊಂದು, ರಾಡು ಗಿಡ್ಡ ಇರಬೇಕು, ಫ್ಯಾನು ಮುಚ್ಚಿಗೆಗೆ ಅಂಟಿದ ಹಾಗೆ ಇದ್ದರೆ ಚಂದ, ತಲೆಹೊರೆ ಹೊತ್ತು ಬಂದವರಿಗೂ ತಾಗುವುದಿಲ್ಲ. ಮುಚ್ಚಿಗೆ ಎಂದರೆ ಕೋಣೆಯ ತಲೆಯ ಮೇಲಿನ ಹಲಗೆಯ ಚಾವಣಿ. ನಮ್ಮ ಕಡೆಯ ಹಳೆಯ ಮನೆಗಳ ಒಳಕೋಣೆಗಳಲ್ಲೆಲ್ಲ ಉಂಟು. ಜನ ನಂಬಿದರು. ನಾನೂ ನಂಬಿದೆ. ಬೇಸಗೆ ಕಳೆದು ಬಿಲ್ಲು ಬಂದಾಗ ಜನ ಬೈಯುವುದು ಕರೆಂಟು ಆಫೀಸಿನವರನ್ನು, ನಮ್ಮನ್ನಲ್ಲವಲ್ಲ.

ಅರುವತ್ತರ ದಶಕ ಅರ್ಧ ಕಳೆದ ಮೇಲೆ ಒಂದು ಬೇಸಗೆಯಲ್ಲಿ ಮೂಡಬಿದ್ರೆಯ ಜಿನರಾಜನ ಮನೆಯಿಂದ ಕರೆ ಬಂತು. ಜಿನರಾಜ ಮೂಡಬಿದ್ರೆಯಿಂದ ವೇಣೂರು ದಾರಿಯಾಗಿ ಬೆಳ್ತಂಗಡಿಗೆ ಹೋಗುವ ಬಸ್ಸಿನ ಡ್ರೈವರು. ಜೈನರ ಮನೆಯವನು, ನಗುಮುಖದ ಮನುಷ್ಯ, ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವನು. ನನ್ನ ಏಣಿಯನ್ನು ಬಸ್ಸಿನ ಮೇಲೆ ಹಾಕಿಕೊಂಡು ಎಷ್ಟೋ ಸಲ ಬಿಟ್ಟಿ ತಂದಿದ್ದ. ಬೆಳ್ತಂಗಡಿಯಲ್ಲಿ ಯಾರದೋ ಹಲಸಿನಕಾಯಿಯ ಗೋಣಿ ಕಟ್ಟಲು ಬಸ್ಸಿನ ಮೇಲೆ ಹತ್ತಿದವನು ಜಾರಿ ಬಿದ್ದು, ಎಡಗಾಲಿನ ಎಲುಬು ಮುರಿಯಿತು. ಮಂಗಳೂರಿನಲ್ಲಿ ತೊಡೆಯಿಂದ ಪಾದದವರೆಗೆ ಪ್ಲಾಸ್ಟರು ಹಾಕಿ, ಎರಡು ತಿಂಗಳು ಅಲುಗಬಾರದು ಎಂದು ಮನೆಗೆ ಕಳಿಸಿದ್ದರು.

ಎಡಗಾಲೆಂದರೆ ಕ್ಲಚ್ಚಿನ ಕಾಲು. ಬಸ್ಸಿನ ಯಜಮಾನರು ನೋಡಲು ಬಂದವರು, ಕಾಲು ನೆಟ್ಟಗೆ ಕೂಡಿದರೆ ನಿನ್ನ ಸೀಟು ನಿನಗೆ, ಸೊಟ್ಟ ಆದರೆ ನಾನೇನೂ ಮಾಡುವ ಹಾಗಿಲ್ಲ ಎಂದು ಹೇಳಿ ಹೋಗಿದ್ದರಂತೆ. ಸೀಟು ಹೋದರೆ ಅವನಿಗೆ ಬೇರೆ ವಿದ್ಯೆ ಇರಲಿಲ್ಲ.

ಎಪ್ರಿಲ್ ತಿಂಗಳ ಸೆಕೆ. ಗಾಳಿ ಸತ್ತುಹೋದ ಮಧ್ಯಾಹ್ನಗಳು. ಅಲುಗದೆ ಮಲಗಿದವನ ಮೈಯ ಬೆವರೆಲ್ಲ ಇಳಿದು ಪ್ಲಾಸ್ಟರಿನ ಒಳಗೆ ಸೇರಿ, ಅಲ್ಲಿ ತುರಿಕೆ. ಅವನ ಅಮ್ಮ ಚಂದ್ರಮತಿಯಮ್ಮ ಬೆಳಗ್ಗಿನ ಹತ್ತು ಗಂಟೆಯಿಂದ ಸಂಜೆಯವರೆಗೆ ಪಕ್ಕದಲ್ಲಿ ಕುಳಿತು ಅಡಿಕೆ ಹಾಳೆಯ ಬೀಸಣಿಗೆಯಿಂದ ಬೀಸುತ್ತಿದ್ದರು. ಬೀಸಿ ಬೀಸಿ ಬಲಗೈ ಬಾತಿತ್ತು. ಅವನ ಹೆಂಡತಿ ಬೀಸಿದರೆ ಆಗುತ್ತಿತ್ತು, ಆದರೆ ಆಕೆ ಒಲೆ, ದನದ ಹಟ್ಟಿ, ಬಾವಿ ಎಲ್ಲ ಒಬ್ಬಳೇ ನೋಡಬೇಕು. ಅವನ ಜೊತೆಯ ಕಂಡಕ್ಟರು ದಿನಾ ಮಂಗಳೂರಿನಿಂದ ಬರುವ ಬಸ್ಸಿನಲ್ಲಿ ಉಮಿಯೊಳಗೆ ಹೂತಿಟ್ಟ ಮಂಜುಗಡ್ಡೆ ತರಿಸಿ ಕೊಡುತ್ತಿದ್ದ. ಮೂಡಬಿದ್ರೆಗೆ ಮುಟ್ಟುವಾಗ ಅರ್ಧ ನೀರು. ಅದನ್ನು ಬೋಗುಣಿಯಲ್ಲಿಟ್ಟು ಮಂಚದ ಬದಿಗೆ ಇಡುವುದು, ಆಳು ಮಾಡಿ ಹಂಚಿನ ಮೇಲೆ ನೀರು ಹೊಡೆಸುವುದು. ತಂಪಿಗೆಂದು ಆ ಮನೆಯಿಂದ ದಿನಾ ದುಡ್ಡು ನೀರಿನ ಹಾಗೆ ಹೋಗುತ್ತಿತ್ತು. ಮೊದಲೊಮ್ಮೆ ನೋಡಲು ಹೋಗಿದ್ದಾಗ, ಫ್ಯಾನು ಅದಕ್ಕಿಂತ ಸೋವಿ ಎಂದು ಅವನನ್ನು ಒಪ್ಪಿಸಿದ್ದು ನಾನೇ.

ಅಮ್ಮ ಬೇಡ ಎನ್ನಲಿಲ್ಲ, ಬೇಕು ಎಂತಲೂ ಹೇಳಲಿಲ್ಲ. ನಾನು ತೊಲೆಗೆ ಕೊಕ್ಕೆ ಹಾಕಿ ಇಳಿದಾಗ ಮಜ್ಜಿಗೆ ಕೊಟ್ಟು ಕೇಳಿದರು:

"ನಮ್ಮಲ್ಲಿ ಗಾಳಿಗೂ ಜೀವ ಉಂಟು ಹೇಳ್ತಾರೆ. ಗೊತ್ತುಂಟಾ ನಿನಗೆ?"

ಗೊತ್ತಿಲ್ಲ ಎಂದೆ. ಬೀಸಣಿಗೆಯಿಂದ ಬೀಸಿದರೂ ತಪ್ಪೇ, ಆದರೆ ಮಗನಿಗೆ ಬೇಕಾದಷ್ಟೇ ಬೀಸುತ್ತೇನೆ, ಎದುರು ನೊಣ ನುಸಿ ಬಂದರೆ ಕೈ ನಿಲ್ಲಿಸುತ್ತೇನೆ, ನಿನ್ನ ಯಂತ್ರ ನಿಲ್ಲಿಸುತ್ತದಾ ಎಂದು ಮೆಲ್ಲಗೆ ವಿಚಾರಿಸಿದರು. ನಾನು ಬುದ್ಧಿವಂತನ ಹಾಗೆ, ಸ್ವಿಚ್ಚು ತೆಗೆದರೆ ನಿಲ್ಲುತ್ತದೆ ಅಮ್ಮ ಎಂದೆ. ಆಮೇಲೆ ಪೈ ಮಾಮರ ಉಪದೇಶ ಪೂರ್ತಿ ಒಪ್ಪಿಸಿದೆ: ಬೆಳಿಗ್ಗೆಯಿಂದ ಹಾಕಿ, ಕಿಟಕಿ ಮುಚ್ಚಿ, ತಂಪು ತುಂಬಲಿ. ರಾಡು ಗಿಡ್ಡದ್ದೇ ಹಾಕಿದ್ದೆ. ಸ್ವಿಚ್ಚು ಬಾಗಿಲ ಬಳಿ.

ಒಂಬತ್ತನೆಯ ದಿನ ಕಂಡಕ್ಟರು ಬಂಟ್ವಾಳಕ್ಕೆ ಬಂದು, ಫ್ಯಾನು ಬಿಚ್ಚಿ ಕೊಂಡುಹೋಗಬೇಕಂತೆ ಎಂದ.

ಹೋಗಿ ನೋಡಿದರೆ ಫ್ಯಾನು ನಿಂತಿತ್ತು, ಅಮ್ಮ ಪುನಃ ಬೀಸುತ್ತಾ ಕುಳಿತಿದ್ದರು, ಈಗ ಎಡಗೈಯಲ್ಲಿ. ಮುಚ್ಚಿದ ಕೋಣೆ ಭಟ್ಟಿಯ ಹಾಗೆ. ಮೀಟರು ಒಂದು ತಿಂಗಳಿಗೆ ಓಡಬೇಕಾದಷ್ಟು ಒಂಬತ್ತು ದಿನದಲ್ಲಿ ಓಡಿತ್ತು, ಮಂಜುಗಡ್ಡೆಯೂ ನಿಂತಿರಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಬಂದ ಪತಂಗಗಳು ರೆಕ್ಕೆಗೆ ತಾಗಿ ನೆಲಕ್ಕೆ ಬೀಳುತ್ತಿದ್ದವು. ಅಮ್ಮ ಅವನ್ನು ಬಾಳೆಲೆಯ ಚೂರಿನಲ್ಲಿ ಎತ್ತಿ ಹಿತ್ತಿಲಿಗೆ ಕೊಂಡುಹೋಗಿ ಇಡುತ್ತಿದ್ದರಂತೆ, ಪ್ರಾಯಶ್ಚಿತ್ತಕ್ಕೆಂದು ಆ ದಿನಗಳಲ್ಲಿ ಒಂದು ಹೊತ್ತು ಊಟ ಬಿಟ್ಟಿದ್ದರಂತೆ. ಇದನ್ನು ಹೇಳಿದ್ದು ಸೊಸೆ.

ಜಿನರಾಜ ಅಂದ. "ನಿನ್ನ ಗಾಳಿ ಸಾಕು ಮಾರಾಯ. ನಾನು ನಾಳೆ ಈ ಪ್ಲಾಸ್ಟರನ್ನು ಒಡೆಯುತ್ತೇನೆ."

ಸುಮ್ಮನೆ ಹೇಳಿದ್ದಲ್ಲ. ಮೊಣಕಾಲಿನ ಹತ್ತಿರ ಪ್ಲಾಸ್ಟರು ಎರಡು ಬೆರಳಿನಷ್ಟು ಕೆತ್ತಿಹೋಗಿತ್ತು. ಹಿಂದಿನ ಮಧ್ಯಾಹ್ನ, ತುರಿಕೆ ತಡೆಯದೆ, ತೆಂಗಿನಕಾಯಿ ಒಡೆಯುವ ಕತ್ತಿಯಿಂದ ಶುರು ಮಾಡಿದ್ದನಂತೆ. ಅಮ್ಮ ಕತ್ತಿ ಕಿತ್ತುಕೊಂಡು ಅದರ ಮೇಲೇ ಕುಳಿತರಂತೆ. ಎಲುಬು ಕೂಡಲು ಇನ್ನು ಐದು ವಾರ ಬೇಕು. ಈ ಮನುಷ್ಯ ಐದು ದಿನ ತಡೆಯುವ ಹಾಗೆ ಕಾಣಲಿಲ್ಲ.

ನಾನು ಏಣಿ ಇಟ್ಟೆ. ಹತ್ತಲು ಮನಸ್ಸಾಗಲಿಲ್ಲ. ಆಗ ಅಮ್ಮ ಬೀಸುವುದನ್ನು ನಿಲ್ಲಿಸದೆ ಕೇಳಿದ ಪ್ರಶ್ನೆಯನ್ನು ನನಗೆ ಕೆಲಸ ಕಲಿಸಿದ ಯಾರೂ ಕೇಳಿರಲಿಲ್ಲ.

"ನಿನ್ನ ಯಂತ್ರ ತಂಪು ಮಾಡುವುದು ಕೋಣೆಯನ್ನಾ, ನನ್ನ ಮಗನನ್ನಾ?"

ಅಳೆದು ನೋಡಿಯೇ ಹೇಳುತ್ತೇನೆ ಎಂದು ಏಣಿಯನ್ನು ಅಲ್ಲೇ ಬಿಟ್ಟು ಹೊರಟೆ. ನಿಜವಾಗಿ ನನಗೆ ಗೊತ್ತಿರಲಿಲ್ಲ.

ಮೂಡಬಿದ್ರೆಯ ಹೈಸ್ಕೂಲಿನ ವಿಜ್ಞಾನದ ಮಾಸ್ತರರ ಮನೆಗೆ ಒಮ್ಮೆ ವಯರಿಂಗು ಮಾಡಿದ್ದೆ. ಅವರಲ್ಲಿಗೆ ಹೋಗಿ ಕೋಣೆಯ ಸೆಕೆ ಅಳೆಯುವ ಥರ್ಮಾಮೀಟರು ಕೇಳಿದೆ. ಫ್ಯಾನು ಹಾಕುವವನಿಗೆ ಇದು ಎಂತಕ್ಕೆ ಎಂದು ಅವರು ನಕ್ಕರು, ಕೊಟ್ಟರು, ಒಂದು ಉಪಾಯವನ್ನೂ ಹೇಳಿಕೊಟ್ಟರು. ಜಿನರಾಜನನ್ನು ಮಂಚ ಸಮೇತ ನಾಲ್ಕು ಜನ ಎತ್ತಿ ಚಾವಡಿಗೆ ತಂದೆವು. ಖಾಲಿ ಕೋಣೆಯಲ್ಲಿ ಥರ್ಮಾಮೀಟರು ತೂಗಿಸಿ, ಗೆರೆ ನೋಡಿ ಬರೆದುಕೊಂಡು, ಫ್ಯಾನು ಹಾಕಿ, ಬಾಗಿಲು ಮುಚ್ಚಿ ಒಂದು ಗಂಟೆ ಬಿಟ್ಟೆವು. ಬಾಗಿಲು ತೆರೆದಾಗ ಅಮ್ಮ ನನಗಿಂತ ಮೊದಲು ಒಳಗೆ ಹೋದರು.

ಪಾದರಸ ಒಂದು ಗೆರೆಯೂ ಇಳಿದಿರಲಿಲ್ಲ. ಸರಿಯಾಗಿ ನೋಡಿದರೆ ಒಂದು ಕೂದಲಿನಷ್ಟು ಏರಿತ್ತು.

ಏಳೆಂಟು ಬೇಸಗೆ ನಾನು ಬಾಗಿಲು ಬಾಗಿಲಿಗೆ ಹೋಗಿ ಹೇಳಿದ ತಂಪು ಎಲ್ಲಿಯೂ ತುಂಬಿರಲಿಲ್ಲ. ನೆಲ ಬಾಯಿ ಬಿಟ್ಟರೆ ಇಳಿದುಹೋಗುವ ಎನ್ನಿಸಿತು. ಆಮೇಲೆ ಮಾಸ್ತರರು ಹೇಳಿದ ಉಪಾಯ ಮಾಡಿದೆ. ಥರ್ಮಾಮೀಟರಿನ ಬುಡಕ್ಕೆ ಒಂದು ಒದ್ದೆ ಬಟ್ಟೆಯ ಚೂರು ಸುತ್ತಿ, ಅದೇ ಫ್ಯಾನಿನ ಕೆಳಗೆ ಹಿಡಿದೆ. ನೋಡುತ್ತಾ ಇದ್ದ ಹಾಗೆಯೇ ಪಾದರಸ ಇಳಿಯತೊಡಗಿತು. ಒಂದು ಗೆರೆ, ಎರಡು, ಮತ್ತೆ ಮೂರು.

ಅಮ್ಮನಿಗೆ ವಿವರಿಸಬೇಕಾಗಲಿಲ್ಲ. ಬಟ್ಟೆಯನ್ನು ಮುಟ್ಟಿ ನೋಡಿದರು.

"ಹಾಗಾದರೆ ಬೆವರಿದವನಿಗೆ ಮಾತ್ರ ಇದು. ಗೋಡೆಗೆ ಬೆವರು ಬರ್ತದಾ? ಆಳಿಲ್ಲದ ಕೋಣೆಗೆ ಗಾಳಿ ಯಾಕೆ?"

ನಾನು ಹೇಳಿದ ಎರಡನೆಯ ಮಾತು ಇದೇ. ಪುಸ್ತಕದಲ್ಲಿ ಆ ದಿನದ ಪುಟದಲ್ಲಿ ಬೇರೇನೂ ಬರೆದಿಲ್ಲ.

ಫ್ಯಾನು ಬಿಚ್ಚುವುದು ಬೇಡ, ಒಂದು ವಾರ ಕೊಡಿ ಎಂದೆ. ಅಮ್ಮ ತಮ್ಮ ಷರತ್ತು ಹೇಳಿದರು. ಮಗನಿಗೆ ಬೇಕಾದ ಹೊತ್ತಿಗೆ, ಬೇಕಾದಷ್ಟೇ. ದೀಪ ಹಚ್ಚಿದ ಮೇಲೆ ಇಲ್ಲ. ಸ್ವಿಚ್ಚನ್ನು ತಾನು ಮುಟ್ಟುವುದಿಲ್ಲ. ಪೇಟೆಯ ಯಾವ ಇಂಜಿನಿಯರನೂ ನನಗೆ ಇಷ್ಟು ಸ್ಪಷ್ಟವಾಗಿ ಕೆಲಸ ಹೇಳಿದ್ದಿಲ್ಲ.

ಅದರ ಪ್ರಕಾರವೇ ಮಾಡಿದೆ. ಗಿಡ್ಡ ರಾಡು ತೆಗೆದು ಒಂದಡಿ ಉದ್ದದ್ದು ಹಾಕಿದೆ. ಮುಚ್ಚಿಗೆಗೆ ಅಂಟಿದ ಫ್ಯಾನಿಗೆ ಮೇಲಿನಿಂದ ಗಾಳಿ ಎಳೆದುಕೊಳ್ಳಲು ಜಾಗ ಇರುವುದಿಲ್ಲ, ಕಟ್ಟಿದ ಮೂಗಿನಲ್ಲಿ ಉಸಿರಾಡಿದ ಹಾಗೆ. ಇಳಿಸಿದ ಮೇಲೂ ನೆಟ್ಟಗೆ ನಿಂತು ಕೈ ಎತ್ತಿದರೆ ರೆಕ್ಕೆಗೆ ತಾಗುವುದಿಲ್ಲ ಎಂದು ನಾನೇ ನಿಂತು ನೋಡಿದೆ. ಮಂಚವನ್ನು ಗೋಡೆಯಿಂದ ಎಳೆದು ಸರಿಯಾಗಿ ಫ್ಯಾನಿನ ಅಡಿಗೆ ತಂದೆ. ಎರಡೂ ಕಿಟಕಿ ತೆರೆಸಿದೆ, ಬಿಸಿ ಗಾಳಿ ಹೋಗುವುದಕ್ಕೂ ದಾರಿ ಬೇಕಲ್ಲ. ಕೊನೆಗೆ ಬಾಗಿಲ ಬಳಿಯ ಸ್ವಿಚ್ಚಿನಿಂದ ಒಂದು ವಯರು ಎಳೆದು, ಗೇರುಹಣ್ಣಿನ ಆಕಾರದ ತೂಗುವ ಸ್ವಿಚ್ಚು ಒಂದನ್ನು ಜಿನರಾಜನ ಬಲಗೈಗೆ ಸಿಗುವ ಹಾಗೆ ಮಂಚದ ತಲೆಗೆ ಕಟ್ಟಿದೆ. ಸ್ವಿಚ್ಚು ದೂರ ಇದ್ದರೆ ಫ್ಯಾನು ನಿಲ್ಲಿಸಲು ಯಾರೂ ಏಳುವುದಿಲ್ಲ. ಕೈಯಲ್ಲೇ ಇದ್ದರೆ ಮನುಷ್ಯ ನಿಲ್ಲಿಸುತ್ತಾನೆ.

ಮಧ್ಯಾಹ್ನ ಎರಡು ಗಂಟೆ ಆಗಿರಬಹುದು. ಜಿನರಾಜ ಸ್ವಿಚ್ಚು ಒತ್ತಿದ. ಬೆವರು ಒರಸಿ ಎದೆಯ ಮೇಲಿಟ್ಟ ಬೈರಾಸು ಅಲುಗಿತು. ಅಮ್ಮ ಬೀಸಣಿಗೆಯನ್ನು ಇನ್ನೂ ಹಿಡಿದೇ ಇದ್ದರು, ನಂಬಿಕೆ ಇಲ್ಲ. ನಾನು ಏಣಿಯ ಬುಡದಲ್ಲಿ ನಿಂತು ಅವನ ಹಣೆಯನ್ನೇ ನೋಡುತ್ತಿದ್ದೆ. ಬೆವರು ಮೊದಲು ಹಣೆಯಲ್ಲಿ ಆರಿತು, ಆಮೇಲೆ ಕುತ್ತಿಗೆಯಲ್ಲಿ. ಸ್ವಲ್ಪ ಹೊತ್ತಿನಲ್ಲಿ ಅವನು ಏನೋ ಹೇಳಲು ಬಾಯಿ ತೆರೆದವನು ಹಾಗೆಯೇ ಗೊರಕೆ ಹೊಡೆದ. ಬಿದ್ದ ದಿನದಿಂದ ಅವನು ಹಗಲು ನಿದ್ದೆ ಮಾಡಿದ್ದು ಅದೇ ಮೊದಲಂತೆ. ಅಮ್ಮ ಬೀಸಣಿಗೆಯನ್ನು ನೆಲಕ್ಕಿಟ್ಟು, ಬಾತ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಗೋಡೆಗೆ ಒರಗಿದರು. ಐದು ನಿಮಿಷದಲ್ಲಿ ಅವರಿಗೂ ನಿದ್ದೆ. ನಾನು ಏಣಿಯನ್ನು ಸದ್ದು ಮಾಡದೆ ಹೊರಗೆ ತಂದೆ.

ಆ ಮನೆಯಲ್ಲಿ ಅದೇ ಕ್ರಮ ಆಯಿತು. ಊಟವಾದ ಮೇಲೆ ಫ್ಯಾನು. ಜೈನರ ಮನೆಯಾದ್ದರಿಂದ ಹೊತ್ತು ಮುಳುಗುವ ಮೊದಲೇ ಅವರ ರಾತ್ರಿಯ ಊಟ ಮುಗಿಯುತ್ತಿತ್ತು. ಆಗ ಜಿನರಾಜ ಸ್ವಿಚ್ಚು ತೆಗೆಯುತ್ತಿದ್ದ, ಕಿಟಕಿಯಿಂದ ಬರುವ ಸಂಜೆಯ ತಂಪು ಸಾಕಾಗುತ್ತಿತ್ತು, ದೀಪಕ್ಕೆ ಬಂದ ಪತಂಗಗಳು ಬದುಕಿ ಹೋಗುತ್ತಿದ್ದವು. ಮಂಜುಗಡ್ಡೆ ನಿಂತಿತು. ಹಂಚಿಗೆ ನೀರು ಹೊಡೆಯುವವನಿಗೆ ಬೇರೆ ಕೆಲಸ ಹೇಳಿದರು. ಪ್ಲಾಸ್ಟರಿನ ಒಳಗೆ ತುರಿಕೆ ಪೂರ್ತಿ ಹೋಗಲಿಲ್ಲ, ಆದರೆ ಕತ್ತಿ ಅಡುಗೆಮನೆಯ ಜಾಗಕ್ಕೆ ಹೋಯಿತು. ತಿಂಗಳ ಬಿಲ್ಲು ಬಂದಾಗ ಅದನ್ನು ನನಗೆ ತೋರಿಸಲೆಂದೇ ಕಂಡಕ್ಟರನ ಕೈಯಲ್ಲಿ ಬಂಟ್ವಾಳಕ್ಕೆ ಕಳಿಸಿದ್ದರು. ಮೊದಲ ಒಂಬತ್ತು ದಿನದ ದುಂದು ಸೇರಿಯೂ, ಮಂಜುಗಡ್ಡೆಗೆ ಒಂದು ವಾರಕ್ಕೆ ಹೋಗುತ್ತಿದ್ದಷ್ಟಿರಲಿಲ್ಲ.

ನಾನು ಅದನ್ನು ಪೈ ಮಾಮರ ಮೇಜಿನ ಮೇಲಿಟ್ಟು ನಡೆದದ್ದೆಲ್ಲ ಹೇಳಿದೆ. ಅವರು ಕಿವಿಯ ಪೆನ್ಸಿಲು ತೆಗೆದು, ಪುನಃ ಸಿಕ್ಕಿಸಿ, ನೀನು ನನ್ನ ಅಂಗಡಿ ಮುಚ್ಚಿಸುತ್ತೀಯೋ ಎಂದು ಕೇಳಿದರು. ಅಷ್ಟು ದಿನ ತಪ್ಪು ಹೇಳಿದೆವು ಎಂದು ಗಿರಾಕಿಗಳಿಗೆ ಗೊತ್ತಾದರೆ ಮುಖ ತೋರಿಸುವುದು ಹೇಗೆ ಎಂಬ ಚಿಂತೆ ಅವರಿಗೆ. ಮೂರನೆಯ ದಿನ ನಾನು ಅಂಗಡಿಗೆ ಹೋಗುವಾಗ ಒಬ್ಬ ಗಿರಾಕಿಗೆ ಗಂಭೀರವಾಗಿ ಹೇಳುತ್ತಿದ್ದರು: ಫ್ಯಾನು ಕೋಣೆಗಲ್ಲ ಮಾರಾಯ್ರೆ, ಮನುಷ್ಯನಿಗೆ. ಆಳಿಲ್ಲದಿದ್ದರೆ ನಿಲ್ಲಿಸಿ. ನಾನು ಮೊದಲಿನಿಂದಲೂ ಹೇಳುತ್ತಾ ಬಂದದ್ದು ಇದನ್ನೇ.

ಆ ಬೇಸಗೆ ಮುಗಿಯುವುದರೊಳಗೆ ನನ್ನ ಪುಸ್ತಕ ಹಿಡಿದುಕೊಂಡು, ಗಿಡ್ಡ ರಾಡು ಹಾಕಿದ ಮನೆಗಳಿಗೆಲ್ಲ ತಿರುಗಿ ಹೋದೆ. ಬರೆದಿಟ್ಟದ್ದರ ಪ್ರಯೋಜನ ಆಗ ಗೊತ್ತಾಯಿತು. ರಾಡು ಉದ್ದ ಮಾಡಿದೆ, ಕಿಟಕಿ ತೆರೆಸಿದೆ, ಮಂಚ ಸರಿಸಿದೆ, ತಪ್ಪಾಯಿತು ಎಂದೂ ಹೇಳಿದೆ. ಯಾರೂ ಬೈಯಲಿಲ್ಲ. ಮೊಯ್ದು ಬ್ಯಾರಿಗಳು ಮಾತ್ರ, ಈ ಸಲ ಗಾಳಿ ಕಾಗೆಗಾ ನಮಗಾ ಎಂದು ಕೇಳಿ, ಕೆಳಗೆ ನಿಂತು ನೋಡಿಯೇ ನನ್ನನ್ನು ಬಿಟ್ಟರು.

ಪ್ಲಾಸ್ಟರು ಮಂಗಳೂರಿನಲ್ಲಿ, ಹೇಳಿದ ದಿನಕ್ಕೆ ಸರಿಯಾಗಿ ಒಡೆಯಿತು. ಒಡೆದದ್ದು ಡಾಕ್ಟರು. ಕಾಲು ಬಾಳೆದಂಡಿನ ಹಾಗೆ ಬೆಳ್ಳಗೆ, ಸಪೂರ ಆಗಿತ್ತು, ಆದರೆ ನೆಟ್ಟಗೆ ಇತ್ತು. ಮಳೆಗಾಲ ಇಡೀ ಅವನು ನಡೆದು ನಡೆದು ಅದಕ್ಕೆ ಬಲ ತಂದ. ಮಳೆ ಬಿಟ್ಟ ಮೇಲೆ ಬಸ್ಸಿನ ಯಜಮಾನರು ಪರೀಕ್ಷೆ ಇಟ್ಟರು. ಬೈಲಿನ ಸಪಾಟು ದಾರಿಯಲ್ಲಿ ಯಾರು ಬೇಕಾದರೂ ಓಡಿಸುತ್ತಾರೆ, ಚಾರ್ಮಾಡಿ ಘಾಟಿ ಹತ್ತಿಸಿ ತೋರಿಸು, ಆಗ ಸೀಟು ನಿನ್ನದು. ಅಲ್ಲಿ ತಿರುವು ತಿರುವಿಗೆ ಕ್ಲಚ್ಚು ತುಳಿಯಬೇಕು.

ಆ ಬೆಳಿಗ್ಗೆ ಖಾಲಿ ಬಸ್ಸಿನಲ್ಲಿ ಐದೇ ಜನ: ಯಜಮಾನರು, ಕಂಡಕ್ಟರು, ಜಿನರಾಜ, ನಾನು, ಮತ್ತೆ ಎದುರಿನ ಸೀಟಿನಲ್ಲಿ ಚಂದ್ರಮತಿಯಮ್ಮ. ಬರುವುದು ಬೇಡ ಎಂದು ಯಾರು ಹೇಳಿದರೂ ಕೇಳಿರಲಿಲ್ಲ. ಚಾರ್ಮಾಡಿ ದಾಟಿ ಏರು ಶುರುವಾಯಿತು. ನಾನು ರಸ್ತೆ ನೋಡಲಿಲ್ಲ, ಅವನ ಎಡಗಾಲನ್ನೇ ನೋಡುತ್ತಿದ್ದೆ. ಒತ್ತಿತು, ಬಿಟ್ಟಿತು. ಒತ್ತಿತು, ಬಿಟ್ಟಿತು. ಒಂದು ದೊಡ್ಡ ತಿರುವಿನಲ್ಲಿ ಎದುರಿನಿಂದ ಲಾರಿ ಬಂದು, ಏರಿನಲ್ಲೇ ನಿಲ್ಲಿಸಿ ಪುನಃ ಎತ್ತಬೇಕಾಯಿತು. ಬಸ್ಸು ಒಂದು ಗೇಣೂ ಹಿಂದೆ ಜಾರಲಿಲ್ಲ. ಯಜಮಾನರು ಸೀಟಿನ ಕಂಬಿಯಿಂದ ಕೈ ತೆಗೆದು ಎಲೆ ಅಡಿಕೆಯ ಚೀಲ ಬಿಚ್ಚಿದರು. ಸೀಟು ಜಿನರಾಜನದೇ ಎಂದು ಆಗಲೇ ನನಗೆ ಗೊತ್ತಾಯಿತು.

ಘಾಟಿಯ ನೆತ್ತಿಯಲ್ಲಿ ಬಸ್ಸು ಬದಿಗೆ ನಿಂತಿತು. ಕಣಿವೆಯಿಂದ ತಣ್ಣನೆಯ ಗಾಳಿ ನುಗ್ಗಿ ಬಂತು. ಯಜಮಾನರು ಇಳಿದರು, ಕಂಡಕ್ಟರು ಇಳಿದ, ನಾನೂ ಇಳಿದೆ. ಜಿನರಾಜ ಸ್ಟೇರಿಂಗಿನ ಮೇಲೆ ಕೈ ಇಟ್ಟು, ಎಂಜಿನು ಗುಡುಗುಡು ಎನ್ನುತ್ತಿರುವಾಗಲೇ, ಅಮ್ಮನ ಕಡೆ ತಿರುಗಿ ಕೇಳಿದ.

"ಹೇಗೆ ಅಮ್ಮ? ಕಾಲು ಪಾಸಾ?"

ಚಂದ್ರಮತಿಯಮ್ಮ ಮೆಟ್ಟಿಲು ಇಳಿಯುತ್ತಾ, ಸೆರಗು ಸರಿ ಮಾಡಿಕೊಂಡು, ಹಿಂದೆ ತಿರುಗಿ ನೋಡದೆ ಹೇಳಿದರು:

"ಕಾಲು ಪಾಸು. ಎಲ್ಲರೂ ಇಳಿದಾಯ್ತಲ್ಲ, ಇನ್ನು ಅದನ್ನು ನಿಲ್ಲಿಸು."

ಅವನು ಕೈ ಚಾಚಿ ಎಂಜಿನು ನಿಲ್ಲಿಸಿದ.